ಮಲ್ಲಿಗೆ ತೋಟದ ಲ್ಯಾಟಿನ್

ವಾರಿಜಾ ಲಿಗೋರಿ ಪೊರ್ಬುಗಳನ್ನು ಮೊದಲು ಕಂಡದ್ದು 1959ರ ಫೆಬ್ರವರಿಯ ಒಂದು ಮಂಗಳವಾರ, ಬೆಳಗ್ಗೆ ಇನ್ನೂ ಆರೂವರೆ ಆಗಿರದ ಹೊತ್ತಿನಲ್ಲಿ. ತಾಯಿ ಚಂಪಾಳಿಗೆ ಮೂರು ದಿನದಿಂದ ಜ್ವರ. ಮಲ್ಲಿಗೆಯ ಮೊಗ್ಗು ಯಾರ ಜ್ವರಕ್ಕೂ ಕಾಯುವುದಿಲ್ಲ. ಬಿಸಿಲೇರುವ ಮೊದಲು ಕೊಯ್ಯದಿದ್ದರೆ ಅರಳಿಬಿಡುತ್ತದೆ, ಅರಳಿದ ಹೂವನ್ನು ಶಂಕರಪುರದ ಹೂವಿನ ಕಟ್ಟೆಯಲ್ಲಿ ಯಾರೂ ಮುಟ್ಟುವುದಿಲ್ಲ. ಹಾಗಾಗಿ ತಾಯಿಯ ಬದಲಿಗೆ ಮಗಳು ಬೆತ್ತದ ಬುಟ್ಟಿ ಹಿಡಿದು, ಇನ್ನಂಜೆಯ ಗದ್ದೆಗಳ ನಡುವಿನ ಹುಣಿಯ ಮೇಲೆ ನಡೆದು ಬಂದಿದ್ದಳು. ಕಾಲಿಗೆ ಇಬ್ಬನಿ ಮೆತ್ತಿಕೊಂಡಿತ್ತು. ಹೊಟ್ಟೆಗೆ ಏನೂ ಬಿದ್ದಿರಲಿಲ್ಲ.

ತೋಟ ಬರ್ತಾಬಾಯಿಯದು. ಕ್ರಿಸ್ತಾನ ಯಜಮಾನರನ್ನು ಊರಿನವರೆಲ್ಲ 'ಪೊರ್ಬು' ಎಂದು ಕರೆಯುವಂತೆ ಆಕೆಯ ಗಂಡ ಲಿಗೋರಿಯವರನ್ನೂ ಹಾಗೆಯೇ ಕರೆಯುತ್ತಿದ್ದರು. ಅವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಮೈಮೇಲೆ ಬಿಳಿ ಬನಿಯನು, ಒಂದು ಕಿವಿಯ ಕಡೆ ನೂಲು ಕಟ್ಟಿದ ಕನ್ನಡಕ. ಎದುರಿನ ಸ್ಟೂಲಿನ ಮೇಲೆ ಒಂದು ತಟ್ಟೆ, ಅದರಲ್ಲಿ ಎರಡು ತುಂಡು ಬ್ರೆಡ್ಡು, ಒಂದು ಬೇಯಿಸಿದ ಮೊಟ್ಟೆ, ಅಂಚಿನಲ್ಲಿ ಚಿಟಿಕೆ ಉಪ್ಪು. ಕಾಫಿಯ ಹಬೆ ಏಳುತ್ತಿತ್ತು. ಅವರು ಏನನ್ನೋ ರಾಗವಾಗಿ ಹೇಳಿಕೊಳ್ಳುತ್ತಿದ್ದರು. ಅದು ಕೊಂಕಣಿಯೂ ಅಲ್ಲ, ವಾರಿಜಾ ಶಾಲೆಯಲ್ಲಿ ಕೇಳಿದ ಇಂಗ್ಲಿಷೂ ಅಲ್ಲ.

ಅವಳು ಮೂರನೆಯ ಸಾಲಿನ ಗಿಡಗಳಿಗೆ ಬಂದಾಗ ರಾಗ ನಿಂತಿತು.

"ಏ ಹುಡುಗಿ, ನೀನು ಚಂಪಾಳ ಮಗಳಾ?"

"ಹೌದು ಪೊರ್ಬುಗಳೇ."

"ಶಾಲೆಗೆ ಹೋಗಿದ್ದೀಯಾ?"

"ಎಸ್ಸೆಸ್ಸೆಲ್ಸಿ ಆಯಿತು."

"ಆಯಿತು ಅಂದರೆ ಎಂತ? ಪಾಸಾ, ಫೈಲಾ?"

"ಇಂಗ್ಲಿಷ್ ಒಂದು ಹೋಯಿತು. ಎರಡು ಸಲ."

"ಹೋಯಿತಾ? ಎಲ್ಲಿಗೆ ಹೋಯಿತು, ಬೊಂಬಾಯಿಗಾ?"

ಒಳಗಿನಿಂದ ಹೆಂಗಸಿನ ನಗು ಕೇಳಿಸಿತು. ವಾರಿಜಾ ತಲೆ ತಗ್ಗಿಸಿ ಮೊಗ್ಗು ಕೊಯ್ದಳು. ಪೊರ್ಬುಗಳು ಒಂದು ತುಂಡು ಬ್ರೆಡ್ಡನ್ನು ಮೇಲೆತ್ತಿ ಹಿಡಿದರು.

"ಇಲ್ಲಿ ನೋಡು. ಇದೆಂತ?"

"ಪಾವ್."

"ಪಾವ್ ನಮ್ಮ ಅಡುಗೆಕೋಣೆಯಲ್ಲಿ. ಇದರ ಅಜ್ಜನ ಹೆಸರು ಪಾನಿಸ್. ಲ್ಯಾಟಿನ್. ಒಟ್ಟಿಗೆ ಕೂತು ಪಾನಿಸ್ ತಿನ್ನುವವನು ಕಂಪಾನಿಯನ್. ಅಂಥವರು ನಾಲ್ಕು ಜನ ಸೇರಿದರೆ ಕಂಪನಿ. ಪಾನಿಸ್ ಇಡುವ ಕೋಣೆ ಪ್ಯಾಂಟ್ರಿ. ಒಂದು ಬ್ರೆಡ್ಡಿನಲ್ಲಿ ಮೂರು ಇಂಗ್ಲಿಷು. ನಿನ್ನ ಶಾಲೆಯ ಮಾಸ್ಟರು ಹೀಗೆ ಹೇಳಿಕೊಟ್ಟಿದ್ದಾರಾ?"

"ಇಲ್ಲ."

"ಹೇಳು ನೋಡುವ."

ವಾರಿಜಾ ಮೂರನ್ನೂ ಹೇಳಿದಳು. ಹೇಳುವಾಗ ಅವಳ ಕಣ್ಣು ಬ್ರೆಡ್ಡಿನ ಮೇಲೇ ಇತ್ತು. ಪೊರ್ಬುಗಳು ಅದನ್ನು ಗಮನಿಸಿದರು. ಆಮೇಲೆ ಬ್ರೆಡ್ಡನ್ನು ಕಾಫಿಯಲ್ಲಿ ಅದ್ದಿ, ಅವಳನ್ನೇ ನೋಡುತ್ತ ನಿಧಾನವಾಗಿ ತಿಂದರು.

"ಇನ್ನು ಮರೆಯುವುದಿಲ್ಲ ನೀನು," ಎಂದರು. "ಹಸಿದವರಿಗೆ ನೆನಪು ಚೆನ್ನಾಗಿರುತ್ತದೆ."

ಅದು ನಿಜವಾಯಿತು. ಎರಡು ವರ್ಷ ಶಾಲೆಯ ಬೆಂಚಿನಲ್ಲಿ ಕೂತು ಬಾಯಿಪಾಠ ಮಾಡಿದ ಒಂದು ಶಬ್ದವೂ ಪರೀಕ್ಷೆಯ ದಿನ ಅವಳ ಕೈಗೆ ಬಂದಿರಲಿಲ್ಲ. ಆ ಮಂಗಳವಾರದ ಮೂರು ಶಬ್ದಗಳು ಮಾತ್ರ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳ ಬಾಯಲ್ಲಿದ್ದವು.

ವಾರಿಜಾಳಿಗೆ ನರ್ಸ್ ಆಗಬೇಕಿತ್ತು. ಅವಳು ಒಂಬತ್ತನೆಯ ತರಗತಿಯಲ್ಲಿದ್ದಾಗ ಚಂಪಾಳ ಕಾಲಿನಲ್ಲಿ ಕುರು ಎದ್ದು, ಕಾರ್ಕಳದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಗಿತ್ತು. ಅಲ್ಲಿ ಎದೆಗೆ ಗಡಿಯಾರ ಸಿಕ್ಕಿಸಿಕೊಂಡ ಒಬ್ಬ ನರ್ಸನ್ನು ಅವಳು ನೋಡಿದಳು. ಅದೇ ಸಾಲಿನಲ್ಲಿ ಅವರ ಗದ್ದೆಯ ಧಣಿಗಳೂ ಕೂತಿದ್ದರು. ಚಂಪಾ ಗೇಣಿಯ ಅಕ್ಕಿಮುಡಿ ಹೊತ್ತು ಹೋದರೆ ಅಂಗಳದಲ್ಲೇ ನಿಲ್ಲಿಸುವ ಧಣಿಗಳು. ನರ್ಸ್ "ತೋಳು ಕೊಡಿ" ಎಂದಳು, ಅವರು ಕೊಟ್ಟರು. "ಅಲ್ಲಾಡಬೇಡಿ" ಎಂದಳು, ಅವರು ಅಲ್ಲಾಡಲಿಲ್ಲ. ವಾರಿಜಾ ಆ ದಿನವೇ ನಿಶ್ಚಯಿಸಿದ್ದಳು.

ಆ ಆಸ್ಪತ್ರೆಯ ತರಬೇತಿಗೆ ಎಸ್ಸೆಸ್ಸೆಲ್ಸಿ ಪೂರ್ತಿ ಪಾಸಾಗಿರಬೇಕು, ವಯಸ್ಸು ಇಪ್ಪತ್ತೊಂದು ತುಂಬಿರಬಾರದು, ಒಂದು ಲಿಖಿತ ಪರೀಕ್ಷೆ, ಆಮೇಲೆ ಸಂದರ್ಶನ. ಅವಳಿಗೆ ಆಗ ಹದಿನೆಂಟು ತುಂಬಿತ್ತು. ಇಂಗ್ಲಿಷೊಂದು ದಾಟಿದರೆ ಉಳಿದದ್ದು ಆಗುತ್ತದೆ ಎಂದು ಅವಳ ಲೆಕ್ಕ.

ಲಿಗೋರಿ ಪೊರ್ಬುಗಳು ಒಪ್ಪಂದ ಹೇಳಿದರು. "ಫೀಸು ಬೇಡ. ಬೆಳಗ್ಗೆ ಬಂದು ಮೊಗ್ಗು ಕೊಯ್ಯಿ, ಬರ್ತಾಬಾಯಿಗೆ ಮಸಾಲೆ ಅರೆದುಕೊಡು. ಕೂಲಿ ಕೇಳಬೇಡ. ಎರಡು ವರ್ಷ ಕಲಿ. ಅದರ ಮೊದಲು ಪರೀಕ್ಷೆಗೆ ಕೂತರೆ ನನ್ನ ಹತ್ತಿರ ಬರಬೇಡ. ಇನ್ನೊಂದು ಮಾತು. ಗಂಜಿ ಕುಡಿದು ಬರಬಾರದು. ಹೊಟ್ಟೆ ತುಂಬಿದವರಿಗೆ ನಾನು ಕಲಿಸುವುದಿಲ್ಲ."

ಸಂಜೆ ಅವರು ಒಳಕೋಣೆಯಲ್ಲಿ ಹೈಸ್ಕೂಲಿನ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದರು. ಕಾಪುವಿನ ಜವಳಿ ಅಂಗಡಿಯವರ ಮಗ ಶೇಖರ, ಇನ್ನು ನಾಲ್ಕೈದು ಮಂದಿ. ಅವರಿಗೆ ಬರ್ತಾಬಾಯಿ ಚಹಾ, ಬಿಸ್ಕುಟು ಕೊಡುವುದುಂಟು. ಅವರೆಲ್ಲ ಹೊಟ್ಟೆ ತುಂಬಿದವರಲ್ಲವಾ ಎಂದು ವಾರಿಜಾ ಕೇಳಲು ಹೋಗಲಿಲ್ಲ.

ಪೊರ್ಬುಗಳು ಏಳು ವರ್ಷ ಪಾದ್ರಿಯಾಗಲು ಓದಿ, ಪಾದ್ರಿಯಾಗದೆ ಮನೆಗೆ ಬಂದವರು. ಯಾಕೆ ಬಂದರೆಂದು ಇಗರ್ಜಿಯ ಮೆಟ್ಟಿಲಲ್ಲಿ ಹಲವು ಕತೆಗಳಿದ್ದವು. ಅವರೆದುರು ಯಾರೂ ಹೇಳುತ್ತಿರಲಿಲ್ಲ.

ಪಾಠ ನಡೆದದ್ದು ಅವರ ತಿಂಡಿಯ ತಟ್ಟೆಯ ಸುತ್ತ. ಉಪ್ಪು ಸಾಲ್. ರೋಮಿನ ಸಿಪಾಯಿಗೆ ಉಪ್ಪಿಗೆಂದು ಕೊಟ್ಟದ್ದು ಸ್ಯಾಲರಿ, ಉಪ್ಪು ಹಾಕಿದ ಸೊಪ್ಪು ಸಲಾಡು. ಮೊಟ್ಟೆ ಓವುಮ್, ಅದರಂತೆ ಇದ್ದದ್ದು ಓವಲ್. ಕೊಕ್ವೆರೆ ಎಂದರೆ ಬೇಯಿಸುವುದು; ಕಾಫಿಪುಡಿಯನ್ನು ಕುದಿಸಿ ಇಳಿಸಿದ್ದು ಡಿಕಾಕ್ಷನ್, ಎರಡು ಸಲ ಬೇಯಿಸಿದ್ದು ಬಿಸ್ಕುಟು. ಪ್ರತಿಯೊಂದನ್ನೂ ಅವರು ಎತ್ತಿ ತೋರಿಸುತ್ತಿದ್ದರು, ಅವಳ ಕೈಯಲ್ಲಿ ಬರೆಸುತ್ತಿದ್ದರು, ಆಮೇಲೆ ತಿನ್ನುತ್ತಿದ್ದರು. ಒಂದು ತುಣುಕೂ ಜಗಲಿಯಿಂದ ಕೆಳಗೆ ಇಳಿಯಲಿಲ್ಲ.

ಒಂದು ದಿನ ಅವಳು ಮಸಾಲೆ ಕಡೆಯುವ ಕಲ್ಲಿನ ಮುಂದೆ ಕೂತಿದ್ದಾಗ ಅಲ್ಲಿಗೇ ಬಂದರು.

"ಮೋಲಾ ಅಂದರೆ ಬೀಸುವ ಕಲ್ಲು. ನಿನ್ನ ಬಾಯಿಯ ಹಿಂದಿನ ಹಲ್ಲು ಮೋಲಾರ್. ಬೀಸಿಕೊಟ್ಟವರಿಗೆ ಕೊಡುವ ಪ್ರತಿಫಲ ಎಮೊಲ್ಯುಮೆಂಟ್."

"ನನಗೆ ಎಮೊಲ್ಯುಮೆಂಟ್ ಇಲ್ವಾ ಪೊರ್ಬುಗಳೇ?" ವಾರಿಜಾ ನಗುತ್ತ ಕೇಳಿದಳು.

"ಶಬ್ದ ಕೊಟ್ಟೆನಲ್ಲ. ಕಟ್ಟಿಕೊಂಡು ಹೋಗು."

ಬರ್ತಾಬಾಯಿಗೆ ಇಂಥ ಮಾತು ಇಷ್ಟ. "ಪತಿ ಹೇಳಿಕೊಟ್ಟಿರಾ ಅವಳಿಗೆ?" ಎಂದು ಒಲೆಯ ಮುಂದಿನಿಂದಲೇ ಕೂಗಿದರು. "ಲ್ಯಾಟಿನಿನಲ್ಲಿ ಪತಿ ಅಂದರೆ ನರಳುವುದು. ಅದರಿಂದ ಬಂದದ್ದು ಪೇಶೆಂಟು. ಕನ್ನಡದಲ್ಲಿ ಎಂತ ವಾರಿಜಾ?"

"ಗಂಡ ಬಾಯಮ್ಮ."

"ನೋಡು! ಎರಡು ಭಾಷೆಗೂ ಗೊತ್ತುಂಟು."

'ಪೇಶೆಂಟು' ಎಂದು ಬರ್ತಾಬಾಯಿಯ ಬಾಯಲ್ಲಿ ಬಂದದ್ದನ್ನು ವಾರಿಜಾ ಕೇಳಿಸಿಕೊಂಡಳು. ಪೊರ್ಬುಗಳು ಅವಳಿಗೆ ಆ ಶಬ್ದವನ್ನು 'ಪಾತ್ಸಿಯೆಂಟ್' ಎಂದು ಕಲಿಸಿದ್ದರು. ಬಾಯಮ್ಮ ಓದಿದವರಲ್ಲ, ತಪ್ಪು ಹೇಳಿರಬೇಕು ಎಂದುಕೊಂಡಳು.

ಅವರು ಅವಳಿಗೆ ನಿಯಮವನ್ನೇ ಬರೆಸಿದ್ದರು. ಸಿ ಅಕ್ಷರದ ಮುಂದೆ ಇ ಅಥವಾ ಐ ಬಂದರೆ ಅದು ಚ; ಅದೇ ಸಿ ಎಕ್ಸ್ ಅಕ್ಷರದ ಬೆನ್ನಿಗೆ ಬಂದರೆ ಶ. ಹುಳಿನೀರು ಅಚೇತುಮ್, ಅದರಿಂದ ಹುಟ್ಟಿದ್ದು ಆಚಿಡ್. ದನ ವಾಕ್ಕಾ, ಅದರ ಮೈಯಿಂದ ತೆಗೆದು ಮನುಷ್ಯರಿಗೆ ಚುಚ್ಚಿದ್ದು ವಚ್ಚಿನ್. ಮದ್ದು ಮೆಡಿಚಿನ್. ಎಡವಿ ಬಿದ್ದರೆ ಅಚ್ಚಿಡೆಂಟ್. ತುಂಬಾ ಒಳ್ಳೆಯದು ಎಕ್‌ಶೆಲೆಂಟ್.

"ಶಾಲೆಯಲ್ಲಿ ಎಕ್ಸಲೆಂಟ್ ಅಂತಿದ್ದರು," ಎಂದು ಮೊದಮೊದಲು ಅವಳು ಅನುಮಾನಿಸಿದ್ದುಂಟು.

ಪೊರ್ಬುಗಳು ಕನ್ನಡಕ ತೆಗೆದು ಒರೆಸಿಕೊಂಡರು. "ಶಾಲೆಯಲ್ಲಿ ಹೇಳಿದ ಹಾಗೆ ಓದಿ ನೀನು ಎಷ್ಟು ಸಲ ಪಾಸಾದೆ?"

ಮತ್ತೆ ಅವಳು ಕೇಳಲಿಲ್ಲ. ಗದ್ದೆಹುಣಿಯಲ್ಲಿ ನಡೆಯುವಾಗ, ಬೀಡಿಯ ಎಲೆ ಕತ್ತರಿಸುವಾಗ, ನಿಯಮದ ಪ್ರಕಾರ ಗಟ್ಟಿಯಾಗಿ ಹೇಳಿ ಹೇಳಿ ನಾಲಗೆ ತಿದ್ದಿಕೊಂಡಳು.

ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬರ್ತಾಬಾಯಿಯ ಜೊತೆ ನೆರೆಯ ಆನಿ, ಎಲಿಜಬೆತ್ ತೋಟಕ್ಕೆ ಬರುತ್ತಿದ್ದರು. "ನಮ್ಮ ವಾರಿಜಾಳ ಇಂಗ್ಲಿಷ್ ಕೇಳಿ," ಎಂದು ಬರ್ತಾಬಾಯಿ ಅವಳನ್ನು ಗಿಡಗಳ ಮಧ್ಯದಿಂದ ಕರೆಯುತ್ತಿದ್ದರು. "ಹೇಳು, ಬಸ್ಸು ಮಗುಚಿದರೆ ಎಂತ?"

"ಅಚ್ಚಿಡೆಂಟ್."

"ಆಮೇಲೆ ಡಾಕ್ಟರ್ ಎಂತ ಕೊಡುತ್ತಾರೆ?"

"ಮೆಡಿಚಿನ್."

ಹೆಂಗಸರು ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಳ್ಳುವವರೆಗೆ ನಗುತ್ತಿದ್ದರು. ಎಲಿಜಬೆತ್ ಒಮ್ಮೆ ಅವಳ ಕೈಯಲ್ಲಿ ಬಾಳೆಹಣ್ಣು ಇಟ್ಟಳು. ಗದ್ದೆ ಕೆಲಸದವಳ ಮಗಳು ಇಂಗ್ಲಿಷ್ ಮಾತಾಡುವುದನ್ನು ಕೇಳಿ ಅವರಿಗೆ ಅಷ್ಟು ಸಂತೋಷವಾಗುತ್ತದೆ ಎಂದು ವಾರಿಜಾ ತಿಳಿದಿದ್ದಳು. ಮನೆಗೆ ಹೋಗಿ ತಾಯಿಗೆ ಹೇಳಿದಳು ಕೂಡ. ಚಂಪಾ ಬಾಳೆಹಣ್ಣನ್ನು ಎರಡು ಮಾಡಿ, ದೊಡ್ಡ ತುಂಡನ್ನು ಮಗಳಿಗೆ ಕೊಟ್ಟಳು.

1961ರ ಮಾರ್ಚಿನಲ್ಲಿ ವಾರಿಜಾ ಮೂರನೆಯ ಸಲ ಇಂಗ್ಲಿಷ್ ಪರೀಕ್ಷೆ ಬರೆದಳು. ನೂರಕ್ಕೆ ಅರವತ್ತೆಂಟು ಬಂತು. ಜೂನ್ ಮೊದಲ ವಾರ ಕಾರ್ಕಳದಲ್ಲಿ ತರಬೇತಿಯ ಲಿಖಿತ ಪರೀಕ್ಷೆಯಾಯಿತು. ನಲವತ್ತೊಂದು ಹುಡುಗಿಯರಲ್ಲಿ ಅವಳ ಹೆಸರು ಮೊದಲನೆಯದು. ಆಗಸ್ಟಿನಲ್ಲಿ ಅವಳಿಗೆ ಇಪ್ಪತ್ತೊಂದು ತುಂಬುವುದಿತ್ತು. ಅವಳಿಗೆ ಇದೊಂದೇ ಸಲ.

ಸಂದರ್ಶನದ ದಿನ ಶಿರ್ವದ ದಾರಿಯಾಗಿ ಹೋಗುವ ಮೊದಲ ಬಸ್ಸಿನಲ್ಲಿ ಅವಳು ಹೊರಟಳು. ಪೊರ್ಬುಗಳ ನಿಯಮ ಮೀರಬಾರದೆಂದು ಆ ದಿನವೂ ಗಂಜಿ ಕುಡಿದಿರಲಿಲ್ಲ.

ಮೇಜಿನ ಹಿಂದೆ ಮೂವರಿದ್ದರು. ದೊಡ್ಡ ಡಾಕ್ಟರರು, ಆಫೀಸಿನ ಸೂಪರಿಂಟೆಂಡೆಂಟರು, ಮೇಟ್ರನ್ ಝೀಟಾ. ಡಾಕ್ಟರರು ಅವಳ ಉತ್ತರಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಇಂಗ್ಲಿಷಿನಲ್ಲಿ ಕೇಳಿದರು: ನೀನು ಯಾಕೆ ನರ್ಸ್ ಆಗಬೇಕು?

ಅವಳು ಈ ಉತ್ತರವನ್ನು ನೂರು ಸಲ ಹೇಳಿಕೊಂಡಿದ್ದಳು. ಬೆನ್ನು ನೆಟ್ಟಗೆ ಮಾಡಿ ಹೇಳಿದಳು: "ಸರ್, ಐ ವಿಲ್ ಗಿವ್ ಮೆಡಿಚಿನ್ ಟು ದಿ ಪಾತ್ಸಿಯೆಂಟ್."

ಡಾಕ್ಟರರು ತಲೆಯೆತ್ತಿದರು. "ಏನನ್ನು ಕೊಡುತ್ತೀ?"

"ಮೆಡಿಚಿನ್, ಸರ್. ಇಫ್ ದೇರ್ ಈಸ್ ಅಚ್ಚಿಡೆಂಟ್..."

ಸೂಪರಿಂಟೆಂಡೆಂಟರು ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು. ಅದು ಸಾಲದೆ ಮೇಜಿನ ಕೆಳಗೆ ಬಗ್ಗಿದರು. ಡಾಕ್ಟರರು ಎದ್ದು ಬಾಗಿಲು ತೆರೆದು ಪಕ್ಕದ ಕೋಣೆಯಿಂದ ಇನ್ನಿಬ್ಬರು ಕಿರಿಯ ಡಾಕ್ಟರರನ್ನು ಕರೆದರು. "ಇಲ್ಲಿ ಬನ್ನಿ ಮಾರಾಯ್ರೆ, ಇದನ್ನು ಕೇಳಿ. ಅಮ್ಮಾ, ಇನ್ನೊಮ್ಮೆ ಹೇಳು. ಸಿಡುಬಿಗೆ ಎಂತ ಚುಚ್ಚುತ್ತಾರೆ?"

"ವಚ್ಚಿನ್," ಎಂದಳು ವಾರಿಜಾ.

ಆ ನಗುವನ್ನು ಅವಳು ಮೊದಲೇ ಕೇಳಿದ್ದಳು. ಭಾನುವಾರ ಮಲ್ಲಿಗೆ ಗಿಡಗಳ ನಡುವೆ ಕೇಳಿದ್ದೂ ಇದೇ ನಗು. ಎರಡು ವರ್ಷ ಅವಳು ಮನೆಗೆ ಕೊಂಡುಹೋಗಿ ತಾಯಿಯೊಡನೆ ಹಂಚಿಕೊಂಡದ್ದು ಏನೆಂದು ಅವಳಿಗೆ ಅಲ್ಲಿ, ನಿಂತಲ್ಲೇ, ಗೊತ್ತಾಯಿತು. ಇನ್ನೊಂದು ಪ್ರಶ್ನೆ ಬಂತು, ಮತ್ತೊಂದು ಬಂತು. ಅವಳು ತುಟಿ ತೆರೆಯಲಿಲ್ಲ.

"ಈ ಪೇಪರ್ ಯಾರು ಬರೆದದ್ದು?" ಸೂಪರಿಂಟೆಂಡೆಂಟರು ಕನ್ನಡದಲ್ಲಿ ಕೇಳಿದರು. ಈಗ ಅವರ ಮುಖದಲ್ಲಿ ನಗು ಇರಲಿಲ್ಲ. "ಹೀಗೆ ಮಾತಾಡುವವಳು ಹೀಗೆ ಬರೆಯುವುದುಂಟಾ? ಯಾರದ್ದು ನೋಡಿ ಬರೆದೆ?"

ವಾರಿಜಾ ಮೇಜಿನ ಮೇಲಿನ ಪೆನ್ನು ತೆಗೆದುಕೊಂಡಳು. ಕೇಳದೆಯೇ ತೆಗೆದುಕೊಂಡಳು. ಒಂದು ಖಾಲಿ ಹಾಳೆಯ ಮೇಲೆ, ನಿಂತುಕೊಂಡೇ, ತಾನು ಯಾಕೆ ನರ್ಸ್ ಆಗಬೇಕೆಂದು ಇಂಗ್ಲಿಷಿನಲ್ಲಿ ಹನ್ನೆರಡು ಸಾಲು ಬರೆದಳು. ಒಂದು ಅಕ್ಷರವನ್ನೂ ಹೊಡೆದುಹಾಕಲಿಲ್ಲ. ಝೀಟಾ ಅದನ್ನು ಓದಿ ಡಾಕ್ಟರರ ಕಡೆ ಸರಿಸಿದರು.

"ಇದು ಪೂಜೆಯ ಲ್ಯಾಟಿನ್ ಡಾಕ್ಟ್ರೇ," ಎಂದರು. "ಪಾದ್ರಿಗಳು ಓದುವ ಕ್ರಮ. ಇವಳು ಇಂಗ್ಲಿಷನ್ನು ಹಾಗೆ ಓದುತ್ತಿದ್ದಾಳೆ." ಮತ್ತೆ ಅವಳ ಕಡೆ ತಿರುಗಿದರು. "ಯಾರು ಕಲಿಸಿದ್ದು?"

ವಾರಿಜಾ ಹೆಸರು ಹೇಳಿದಳು. ಝೀಟಾ ಆ ಹನ್ನೆರಡು ಸಾಲನ್ನು ಇನ್ನೊಮ್ಮೆ ನೋಡಿದರು.

"ಅವರಿಗೆ ಇಂಗ್ಲಿಷ್ ಗೊತ್ತಿಲ್ಲ, ಇಲ್ಲದಿದ್ದರೆ ಬಹಳ ಚೆನ್ನಾಗಿ ಗೊತ್ತುಂಟು. ಎರಡರಲ್ಲಿ ಒಂದು."

ಡಾಕ್ಟರರು ಹೇಳಿದ್ದು ಇಷ್ಟು: ವಾರ್ಡಿನಲ್ಲಿ ನಾನೊಂದು ಮದ್ದಿನ ಹೆಸರು ಹೇಳಿ, ನೀನು ಬೇರೊಂದು ಕೇಳಿಸಿಕೊಂಡರೆ ರೋಗಿ ಸಾಯುತ್ತಾನೆ. ನಾಲಗೆ ಸರಿ ಮಾಡಿಕೊಂಡು ಬಾ. ವಯಸ್ಸಿನ ನಿಯಮವನ್ನು ಸೂಪರಿಂಟೆಂಡೆಂಟರು ನೆನಪಿಸಿದರು. ಡಾಕ್ಟರರು ಕೈಚೆಲ್ಲಿದರು. ಮುಂದಿನ ಹುಡುಗಿಯ ಹೆಸರು ಕರೆದರು.

ಮರುದಿನ ಬೆಳಗ್ಗೆ ವಾರಿಜಾ ತೋಟಕ್ಕೆ ಹೋದಳು. ಕೈಯಲ್ಲಿ ಬುಟ್ಟಿ ಇರಲಿಲ್ಲ. ಪೊರ್ಬುಗಳು ಎಂದಿನಂತೆ ತಟ್ಟೆಯ ಮುಂದೆ ಕೂತಿದ್ದರು.

"ಎಂತ ಆಯಿತು?"

"ಪೊರ್ಬುಗಳೇ, ಮದ್ದಿಗೆ ಇಂಗ್ಲಿಷಿನಲ್ಲಿ ಎಂತ ಹೇಳುತ್ತಾರೆ?"

ಅವರು ಅವಳ ಮುಖ ನೋಡಿದರು. ಬಾಯಲ್ಲಿದ್ದುದನ್ನು ನುಂಗಿ, ತುಟಿ ಒರೆಸಿಕೊಂಡು, ರೇಡಿಯೋದಲ್ಲಿ ವಾರ್ತೆ ಓದುವವರ ಹಾಗೆ ಸ್ವಚ್ಛವಾಗಿ ಹೇಳಿದರು: "ಮೆಡಿಸಿನ್."

"ಬಿದ್ದರೆ?"

"ಆಕ್ಸಿಡೆಂಟ್."

"ಸಂಜೆಯವರಿಗೆ ಹೀಗೆಯೇ ಹೇಳಿಕೊಡುವುದಾ?"

"ಮತ್ತೆ? ಅವರು ಕೊಡುವುದು ಮಾತಾಡಲಿಕ್ಕೆ ಕಲಿಸಿದ್ದಕ್ಕೆ. ನೀನು ಕೇಳಿದ್ದು ಎಂತ? ಪಾಸು. ಪಾಸ್ ಕೊಟ್ಟೆ. ಅರವತ್ತೆಂಟು ಸಾಲದಾ?"

"ತಪ್ಪು ಅಂತ ಒಂದು ದಿನ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು." ಅವರು ಮೊಟ್ಟೆಯ ಸಿಪ್ಪೆ ಸುಲಿಯತೊಡಗಿದರು. "ನಾನು ಓದುವಲ್ಲಿ ಬಿಷಪರು ಬಂದಾಗ ಸ್ವಾಗತಪತ್ರ ಓದಲಿಕ್ಕೆ ನನ್ನನ್ನೇ ನಿಲ್ಲಿಸಿದರು. ಇಂಗ್ಲಿಷಿನಲ್ಲಿ. ನನಗೆ ಓದಲಿಕ್ಕೆ ಗೊತ್ತಿದ್ದದ್ದು ಹೀಗೆ ಒಂದೇ, ಲ್ಯಾಟಿನಿನ ಹಾಗೆ. ಇನ್ನೂರು ಜನ ನಕ್ಕರು. ಬಿಷಪರೂ ನಕ್ಕರು. ನನಗೆ ಏಳು ವರ್ಷ ಯಾರೂ ಹೇಳಿರಲಿಲ್ಲ. ನಿನಗೆ ಎರಡೇ ವರ್ಷದಲ್ಲಿ ಗೊತ್ತಾಯಿತು. ಪುಣ್ಯವಂತೆ."

ಬರ್ತಾಬಾಯಿ ಬಾಗಿಲಿಗೆ ಬಂದು ನಿಂತಿದ್ದರು. "ಅದಕ್ಕೆ ಯಾಕೆ ಮುಖ ಊದಿಸಿಕೊಳ್ಳುತ್ತೀ ಮಾರಾಯ್ತಿ? ನಮಗೆ ಭಾನುವಾರ ನಗಲಿಕ್ಕೆ ಬೇರೆ ಎಂತ ಉಂಟು ಇಲ್ಲಿ? ಹೋಗು, ಬಿಸಿಲು ಬಂತು, ಮೊಗ್ಗು ಕೊಯ್ಯಿ."

ವಾರಿಜಾ ಕೊಯ್ಯಲಿಲ್ಲ. ಗೇಟು ದಾಟಿ ಗದ್ದೆಹುಣಿಗೆ ಇಳಿದಳು. ಆ ದಿನ ಮೋಡ ಹರಿದು ಬಿಸಿಲು ಕಾಯುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಮೂರೂ ಸಾಲು ಅರಳಿ ಬೆಳ್ಳಗಾಯಿತು. ಆ ನಷ್ಟವನ್ನು ಬರ್ತಾಬಾಯಿ ವರ್ಷಗಟ್ಟಲೆ ಊರಿಗೆಲ್ಲ ಹೇಳಿಕೊಂಡು ತಿರುಗಿದರು. ಹೇಳುವಾಗ ಅವಳನ್ನು ಹೆಸರು ಹಿಡಿದು ಕರೆಯಲಿಲ್ಲ, 'ಆ ಅಚ್ಚಿಡೆಂಟ್' ಎಂದರು. ಇನ್ನಂಜೆಯಲ್ಲಿ ಆ ಹೆಸರು ನಿಂತಿತು. ಶೇಖರ ಸೈಕಲ್ಲಿನಲ್ಲಿ ಹೋಗುವಾಗ ಕೂಗುತ್ತಿದ್ದ. ಚಂಪಾಳಿಗೆ ಅದರ ಅರ್ಥ ತಿಳಿಯಲಿಲ್ಲ. ಮಗಳಿಗೆ ಇಂಗ್ಲಿಷ್ ಬಿರುದು ಸಿಕ್ಕಿದೆ ಎಂದು ಒಂದೆರಡು ಕಡೆ ಹೇಳಿಕೊಂಡೂ ಬಂದಳು.

ಸರಿಯಾದ ಉಚ್ಚಾರ ಕಲಿಯಲು ವಾರಿಜಾ ಪ್ರಯತ್ನಿಸದೆ ಇರಲಿಲ್ಲ. ಹೋಟೆಲಿನ ರೇಡಿಯೋ ಮುಂದೆ ನಿಂತು ಕೇಳಿದಳು, ಒಬ್ಬಳೇ ಇದ್ದಾಗ ಹೇಳಿ ನೋಡಿದಳು. ಎರಡು ವರ್ಷ ಹಸಿವಿನಲ್ಲಿ ಕೂರಿಸಿದ್ದು ನಾಲಗೆಯಿಂದ ಏಳಲಿಲ್ಲ. 'ಮೆಡಿಸಿನ್' ಎಂದು ಹೇಳಬೇಕೆಂದು ಬಾಯಿ ತೆರೆದರೆ ಸಿಯ ಜಾಗಕ್ಕೆ ಚಿಯೇ ಬರುತ್ತಿತ್ತು.

ಅಕ್ಟೋಬರಿನಲ್ಲಿ ಝೀಟಾ ಅವರಿಂದ ಒಂದು ಕಾರ್ಡು ಬಂತು. ಅಡುಗೆಕೋಣೆಗೆ ಇಂಗ್ಲಿಷ್ ಬರೆಯಬಲ್ಲವರು ಬೇಕು. ಡಾಕ್ಟರರು ರೋಗಿಯ ಕಾಗದದಲ್ಲಿ ಗೀಚಿದ್ದನ್ನು ಬಿಡಿಸಿ ಓದಿ, ಯಾರಿಗೆ ಉಪ್ಪಿಲ್ಲದ ಊಟ, ಯಾರಿಗೆ ಬರೀ ಹಾಲು, ಯಾರಿಗೆ ಮೊಟ್ಟೆ ಎಂದು ಚೀಟಿ ಬರೆದು ಹಚ್ಚಬೇಕು. 'ಮಾತಾಡುವ ಕೆಲಸ ಇಲ್ಲ' ಎಂದು ಕೊನೆಯಲ್ಲಿ ಬರೆದಿದ್ದರು. ಉಪಕಾರಕ್ಕೆಂದೇ ಬರೆದ ಸಾಲು ಅದು. ವಾರಿಜಾ ಅದನ್ನು ಎರಡು ಸಲ ಓದಿ, ಕಾರ್ಡನ್ನು ಒಲೆಗೆ ಹಾಕಿ, ಕೆಲಸಕ್ಕೆ ಹೋದಳು.

ಅವಳಿಗಿಂತ ಕಡಿಮೆ ಅಂಕ ಪಡೆದ ಹುಡುಗಿಯರು ಆ ವರ್ಷ ತರಬೇತಿಗೆ ಸೇರಿದ್ದರು. ಎದೆಗೆ ಗಡಿಯಾರ ಸಿಕ್ಕಿಸಿಕೊಂಡು ಅವರು ಅಡುಗೆಕೋಣೆಯ ಕಿಂಡಿಗೆ ಬಂದು ಚೀಟಿ ತೆಗೆದುಕೊಂಡು ಹೋಗುತ್ತಾರೆ. ಸೂಪರಿಂಟೆಂಡೆಂಟರು ಕತೆಯನ್ನು ಒಳಗೆ ಉಳಿಸಿಕೊಂಡಿರಲಿಲ್ಲ, ಅವರಿಗೆಲ್ಲ ಗೊತ್ತು. ಮೊದಲ ವರ್ಷ ಯಾರಾದರೊಬ್ಬರು ಕಿಂಡಿಯಲ್ಲಿ ಮುಖ ಹಾಕಿ, "ಅಕ್ಕಾ, ಇದನ್ನು ಒಮ್ಮೆ ಓದಿ ಹೇಳಿ," ಎಂದು ಕಾಡುತ್ತಿದ್ದರು. ಅವಳು ಓದಲಿಲ್ಲ. ಚೀಟಿಯನ್ನು ತಿರುಗಿಸಿ ಅವರ ಮುಖದೆದುರು ಹಿಡಿದಳು. ಬರಬರುತ್ತ ಅವರಿಗೂ ಬೇಸರವಾಯಿತು.

ವಾರಿಜಾಳಿಗೆ ಈಗ ಇಪ್ಪತ್ತೇಳು. ದಿನಕ್ಕೆ ಎಪ್ಪತ್ತು ಎಂಬತ್ತು ಚೀಟಿ ಇಂಗ್ಲಿಷಿನಲ್ಲಿ ಬರೆಯುತ್ತಾಳೆ, ಯಾರಿಗೆ ಯಾವ ಊಟವೆಂದು ಕಿಂಡಿಯಲ್ಲಿ ಮನೆಯ ತುಳುವಿನಲ್ಲೇ ಕೂಗುತ್ತಾಳೆ.